ಹುಲ್ಲಿನ ಟೋಪಿಯ ಹಡಗಿಗೆ ದಾರಿ ತೋರುವವಳು: ಒನ್ ಪೀಸ್‌ನ ನಾಮಿ ಯಾರು?

2025ರ ಆಗಸ್ಟ್‌ನಲ್ಲಿ ಇಂಡೋನೇಷ್ಯಾದ ಜನ ಮನೆ ಮುಂದೆ, ಲಾರಿಗಳ ಹಿಂದೆ ಒಂದು ಹೊಸ ಥರದ ಬಾವುಟ ಕಟ್ಟಿದರು. ಕಪ್ಪು ಬಟ್ಟೆ, ಅದರ ಮೇಲೆ ನಗುವ ತಲೆಬುರುಡೆ, ಬುರುಡೆಗೆ ಒಂದು ಹುಲ್ಲಿನ ಟೋಪಿ. ಮುಂದಿನ ತಿಂಗಳು ನೇಪಾಳದ ಯುವಜನ ಬೀದಿಗೆ ಇಳಿದರಲ್ಲ, ಆಗ ಅದೇ ಬಾವುಟ ಕಠ್ಮಂಡುವಿನಲ್ಲಿ ಸರಕಾರದ ಕಚೇರಿಗಳಿರುವ ಸಿಂಹ ದರ್ಬಾರದ ಗೇಟಿನ ಮೇಲೂ ಕಾಣಿಸಿತು. ಟಿವಿಯಲ್ಲಿ ಅದನ್ನು ನೋಡಿದ ತುಂಬಾ ಜನರಿಗೆ ಬಂದ ಪ್ರಶ್ನೆ ಒಂದೇ. ಇದು ಯಾವ ಪಕ್ಷದ ಬಾವುಟ?

ಯಾವ ಪಕ್ಷದ್ದೂ ಅಲ್ಲ. ಅದು ಒನ್ ಪೀಸ್ ಎಂಬ ಜಪಾನಿ ಚಿತ್ರಕಥೆಯ ಕಡಲ್ಗಳ್ಳರ ಬಾವುಟ. ಕಡಲ್ಗಳ್ಳರು ಅಂದರೆ ದರೋಡೆಕೋರರು ಅಲ್ವಾ, ಅವರ ಬಾವುಟವನ್ನು ಜನ ಯಾಕೆ ತಮ್ಮದು ಅಂದುಕೊಂಡರು? ಇದಕ್ಕೆ ಉತ್ತರ ಹುಡುಕಲು ನೂರಕ್ಕೂ ಹೆಚ್ಚು ಸಂಪುಟ ಓದಬೇಕಿಲ್ಲ. ಆ ಕಥೆಯ ಒಬ್ಬ ಹುಡುಗಿಯನ್ನು ಸರಿಯಾಗಿ ತಿಳಿದುಕೊಂಡರೆ ಸಾಕು. ಅವಳ ಹೆಸರು ನಾಮಿ. ಮುಂದೆ ಕಥೆಯ ಗುಟ್ಟುಗಳೆಲ್ಲ ಬರುತ್ತವೆ. ಹೊಸದಾಗಿ ಓದಲು ಹೊರಟವರು ಅದನ್ನು ಗಮನದಲ್ಲಿ ಇಟ್ಟುಕೊಳ್ಳಿ.

ಮಾಂಗಾ ಅಂದರೇನು, ಒನ್ ಪೀಸ್ ಅಂದರೇನು

ಜಪಾನಿನ ಚಿತ್ರಕಥೆಗಳಿಗೆ ಮಾಂಗಾ ಅಂತ ಹೆಸರು. ಹೆಚ್ಚಿನವು ಕಪ್ಪು ಬಿಳುಪಿನಲ್ಲಿ ಅಚ್ಚಾಗುತ್ತವೆ. ಓದುವುದು ಬಲದಿಂದ ಎಡಕ್ಕೆ. ನಾವು ಪುಸ್ತಕದ ಕೊನೆಯ ಪುಟ ಅನ್ನುತ್ತೇವಲ್ಲ, ಅಲ್ಲಿಂದಲೇ ಅದು ಶುರು. ಕಥೆಗಳು ಮೊದಲು ಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬರುತ್ತವೆ, ಆಮೇಲೆ ಪುಸ್ತಕವಾಗುತ್ತವೆ. ಅದೇ ಕಥೆ ಕಾರ್ಟೂನ್ ಆಗಿ ಪರದೆಗೆ ಬಂದರೆ ಅನಿಮೆ.

ಒನ್ ಪೀಸ್ ಬರೆದು ಚಿತ್ರಿಸುತ್ತಿರುವವರು ಐಚಿರೊ ಓಡಾ. 1997ರ ಜುಲೈನಲ್ಲಿ 'ವೀಕ್ಲಿ ಶೋನೆನ್ ಜಂಪ್' ಎಂಬ ವಾರಪತ್ರಿಕೆಯಲ್ಲಿ ಇದು ಶುರುವಾಯಿತು. 1999ರಲ್ಲಿ ಅನಿಮೆ ಬಂತು. 2022ರ ಹೊತ್ತಿಗೆ ಅಚ್ಚಾದ ಪ್ರತಿಗಳ ಸಂಖ್ಯೆ 50 ಕೋಟಿ ದಾಟಿತ್ತು. 2023ರ ಆಗಸ್ಟ್ 31ಕ್ಕೆ ನೆಟ್‌ಫ್ಲಿಕ್ಸ್‌ನಲ್ಲಿ ನಿಜವಾದ ನಟರನ್ನು ಹಾಕಿಕೊಂಡು ಮಾಡಿದ ಸರಣಿಯೂ ಬಂತು. ಅದರಲ್ಲಿ ನಾಮಿಯ ಪಾತ್ರ ಮಾಡಿದ್ದು ಎಮಿಲಿ ರಡ್. ನಾನು ಮುಂದೆ ಹೇಳುವ ಹಳ್ಳಿಯ ಕಥೆ ಆ ಸರಣಿಯ ಮೊದಲ ಸೀಸನ್‌ನಲ್ಲೇ ಇದೆ.

ಕಥೆಯ ಎಳೆ ಸರಳ. ಕಡಲ್ಗಳ್ಳರ ರಾಜ ರೋಜರ್‌ನಿಗೆ ಮರಣದಂಡನೆ ವಿಧಿಸಿದಾಗ, ತನ್ನ ಸಂಪತ್ತನ್ನೆಲ್ಲ ಒಂದು ಕಡೆ ಬಿಟ್ಟಿದ್ದೇನೆ, ಬೇಕಾದವರು ಹುಡುಕಿಕೊಳ್ಳಿ ಅಂತ ಹೇಳಿ ಸಾಯುತ್ತಾನೆ. ಆ ಸಂಪತ್ತೇ ಒನ್ ಪೀಸ್. ಅದನ್ನು ಹುಡುಕಲು ಲೋಕವೇ ಕಡಲಿಗೆ ಇಳಿಯುತ್ತದೆ. ಲೂಫಿ ಎಂಬ ಹುಡುಗನೂ ಹೊರಡುತ್ತಾನೆ. ಒಂದು ವಿಚಿತ್ರ ಹಣ್ಣು ತಿಂದು ಅವನ ಮೈ ರಬ್ಬರಿನ ಹಾಗೆ ಆಗಿದೆ. ತಲೆ ಮೇಲೆ, ಅವನು ಪ್ರಾಣಕ್ಕಿಂತ ಜಾಸ್ತಿ ಪ್ರೀತಿಸುವ ಹುಲ್ಲಿನ ಟೋಪಿ.

ಇಲ್ಲಿ ಒಂದು ಮಾತು ನೆನಪಿರಲಿ. ಈ ಲೋಕದಲ್ಲಿ ಬಟ್ಟೆ ನೋಡಿ ಒಳ್ಳೆಯವರು ಯಾರು, ಕೆಟ್ಟವರು ಯಾರು ಅಂತ ಹೇಳಲು ಆಗುವುದಿಲ್ಲ. ನೌಕಾಪಡೆಯಲ್ಲಿ ಲಂಚಕೋರರಿದ್ದಾರೆ, ಪ್ರಾಮಾಣಿಕರೂ ಇದ್ದಾರೆ. ಕಡಲ್ಗಳ್ಳರಲ್ಲಿ ಊರು ಸುಡುವವರಿದ್ದಾರೆ, ಊರು ಉಳಿಸುವವರೂ ಇದ್ದಾರೆ.

ಹೆಸರು ಅಲೆ, ಕೆಲಸ ದಾರಿ ತೋರುವುದು

ಜಪಾನಿಯಲ್ಲಿ 'ನಾಮಿ' ಅಂದರೆ ಅಲೆ. ಅವಳ ಹುಟ್ಟುಹಬ್ಬ ಜುಲೈ 3. ಅದೂ ಹೆಸರಿನ ಒಳಗೇ ಅಡಗಿದೆ. ಜಪಾನಿ ಅಂಕಿಗಳಲ್ಲಿ 'ನಾ' ಏಳನ್ನೂ 'ಮಿ' ಮೂರನ್ನೂ ಸೂಚಿಸುತ್ತವೆ. ಏಳನೇ ತಿಂಗಳು, ಮೂರನೇ ದಿನ.

ಕಥೆಗೆ ಬರುವಾಗ ಅವಳಿಗೆ 18 ವರ್ಷ. ಕಿತ್ತಳೆ ಬಣ್ಣದ ಕೂದಲು, ಚುರುಕು ಕಣ್ಣು, ಅದಕ್ಕಿಂತ ಚುರುಕು ಕೈ. ಅವಳು ಕಳ್ಳಿ. ಆದರೆ ಕದಿಯುವುದು ಕಡಲ್ಗಳ್ಳರ ಹತ್ತಿರ ಮಾತ್ರ. ಲೋಕದಲ್ಲಿ ತಾನು ಎಲ್ಲಕ್ಕಿಂತ ಹೆಚ್ಚು ದ್ವೇಷಿಸುವುದು ಕಡಲ್ಗಳ್ಳರನ್ನು ಅಂತ ಲೂಫಿಗೆ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾಳೆ. ಅವಳಿಗೆ ಇಷ್ಟವಾದದ್ದು ಎರಡೇ, ದುಡ್ಡು ಮತ್ತು ಕಿತ್ತಳೆ.

ಹಾಗಿದ್ದರೂ ಅವಳು ಲೂಫಿಯ ಹಡಗು ಹತ್ತುತ್ತಾಳೆ, ತಾತ್ಕಾಲಿಕವಾಗಿ. ಅವನಿಗೆ ದಾರಿ ಗೊತ್ತಿಲ್ಲ, ಅವಳಿಗೆ ಗೊತ್ತು. ನಕ್ಷೆ ಓದುವುದು, ಗಾಳಿ ನೋಡುವುದು, ಹಡಗು ಯಾವ ಕಡೆ ತಿರುಗಬೇಕು ಅಂತ ಹೇಳುವುದು ಅವಳ ಕೆಲಸ. ಲೋಕದ ಅಷ್ಟೂ ಕಡಲಿನ ನಕ್ಷೆಯನ್ನು ಸ್ವಂತ ಕೈಯಿಂದ ಬರೆಯಬೇಕು ಅನ್ನುವುದು ಅವಳ ಕನಸು.

ಇಷ್ಟು ಕೇಳಿದಾಗ, ದುಡ್ಡಿನಾಸೆಯ ಜಾಣ ಹುಡುಗಿ, ಅಷ್ಟೇ ಅನಿಸಬಹುದು. ಓದುಗರಿಗೂ ಸಾಕಷ್ಟು ಅಧ್ಯಾಯಗಳ ತನಕ ಹಾಗೇ ಅನಿಸುತ್ತದೆ. ಓಡಾ ಅದನ್ನು ಬೇಕೆಂದೇ ಹಾಗೆ ಇಟ್ಟಿದ್ದಾರೆ.

ಒಂದು ಲಕ್ಷ ಬೆರಿಯ ಲೆಕ್ಕ

ಬೆರಿ ಅಂದರೆ ಆ ಲೋಕದ ಹಣ, ನಮ್ಮ ರೂಪಾಯಿ ಇದ್ದ ಹಾಗೆ. ನಾಮಿಯನ್ನು ತಿಳಿಯಲು ಒಂದು ಚಿಕ್ಕ ಲೆಕ್ಕ ಮಾಡಬೇಕು.

ನಾಮಿ ಹೆತ್ತವರ ಜತೆ ಬೆಳೆದವಳಲ್ಲ. ಒಂದು ಯುದ್ಧದಲ್ಲಿ ಪಾಳುಬಿದ್ದ ಊರಿನಲ್ಲಿ, ನೌಕಾಪಡೆಯ ಸೈನಿಕಳಾಗಿದ್ದ ಬೆಲ್‌ಮೇರ್ ಗಾಯಗೊಂಡು ಬಿದ್ದಿರುತ್ತಾಳೆ. ಪುಟ್ಟ ಹುಡುಗಿಯೊಬ್ಬಳು ಕೂಸನ್ನು ಎತ್ತಿಕೊಂಡು ಅವಳ ಎದುರಿಗೆ ಬರುತ್ತಾಳೆ. ಹುಡುಗಿ ನೊಜಿಕೊ, ಕೂಸು ನಾಮಿ. ಅವರಿಬ್ಬರೂ ಒಬ್ಬರಿಗೊಬ್ಬರು ಏನೂ ಆಗಬೇಕಿಲ್ಲ. ಬೆಲ್‌ಮೇರ್ ಕೆಲಸ ಬಿಟ್ಟು, ಇಬ್ಬರನ್ನೂ ತನ್ನೂರಾದ ಕೊಕೊಯಾಶಿಗೆ ತಂದು, ಕಿತ್ತಳೆ ತೋಟ ಮಾಡಿಕೊಂಡು ಸಾಕುತ್ತಾಳೆ. ಫ್ರೆಂಚ್‌ನಲ್ಲಿ 'ಬೆಲ್ ಮೇರ್' ಅನ್ನುವ ಪದಕ್ಕೆ ಮಲತಾಯಿ ಅನ್ನುವ ಅರ್ಥವೂ ಇದೆ.

ಮನೆಯಲ್ಲಿ ಬಡತನ. ಇಂಥ ಹೊತ್ತಿನಲ್ಲಿ ಆರ್ಲಾಂಗ್ ಬರುತ್ತಾನೆ. ಅವನು ಮೀನು-ಮನುಷ್ಯ ಜನಾಂಗದವನು, ಮನುಷ್ಯರಿಗಿಂತ ಎಷ್ಟೋ ಪಟ್ಟು ಬಲಶಾಲಿ, ಜತೆಗೆ ಒಂದು ಪಡೆಯೇ ಇದೆ. ಅವನು ಊರಿಗೆ ಒಂದು ಕರ ಹಾಕುತ್ತಾನೆ. ಹೊಲಕ್ಕಲ್ಲ, ಮನೆಗಲ್ಲ, ಜೀವಕ್ಕೆ. ದೊಡ್ಡವರಿಗೆ ತಲೆಗೆ ಒಂದು ಲಕ್ಷ ಬೆರಿ. ಮಕ್ಕಳಿಗೆ ಐವತ್ತು ಸಾವಿರ. ತಿಂಗಳು ತಿಂಗಳೂ ಕೊಡಬೇಕು. ಕೊಟ್ಟವರು ಬದುಕಬಹುದು.

ಬೆಲ್‌ಮೇರ್‌ಳ ಮನೆ ಊರ ಹೊರಗಿದೆ. ಆರ್ಲಾಂಗ್‌ನ ಪಡೆ ಅದನ್ನು ನೋಡದೆ ಹೊರಟೇ ಹೋಗುತ್ತಿತ್ತು. ಆದರೆ ಅವಳು ಮಕ್ಕಳಿಗೆ ಅಡುಗೆ ಮಾಡುತ್ತಿದ್ದಳು. ಹೊಗೆ ಕಂಡುಬಿಡುತ್ತದೆ.

ಅವಳ ಹತ್ತಿರ ಇರುವುದು ಒಂದು ಲಕ್ಷ. ಅವಳ ಜೀವಕ್ಕೆ ಸರಿಯಾಗಿ ಸಾಕು. ಮಕ್ಕಳನ್ನು ಅವಳು ಹೆತ್ತಿಲ್ಲ, ಅವಳ ಮಕ್ಕಳೆಂದು ಎಲ್ಲೂ ಬರೆದಿಲ್ಲ. 'ನನಗೆ ಸಂಸಾರವಿಲ್ಲ' ಅಂದರೆ ಮುಗಿಯಿತು. ಊರಿನ ಮುಖ್ಯಸ್ಥನಂತಿರುವ ಗೆಂಜೊ ಹಾಗೇ ಆಗಲಿ ಅಂತ ಕಾಯುತ್ತಿದ್ದಾನೆ. ಮಕ್ಕಳು ಕದ್ದು ಕಡಲ ಕಡೆಗೆ ಓಡಿಹೋಗಬಹುದು.

ಆದರೆ ಅದೇ ಒಂದು ಲಕ್ಷ ಎರಡು ಐವತ್ತು ಸಾವಿರವೂ ಹೌದು. ಬೆಲ್‌ಮೇರ್ ದುಡ್ಡನ್ನು ಮಕ್ಕಳ ಲೆಕ್ಕಕ್ಕೆ ಬರೆಸುತ್ತಾಳೆ. ಸುಳ್ಳಿಗಾದರೂ ಮಕ್ಕಳಿಲ್ಲ ಅನ್ನಲು ಅವಳ ಬಾಯಿ ಬರುವುದಿಲ್ಲ. ಆರ್ಲಾಂಗ್ ಇಬ್ಬರು ಮಕ್ಕಳ ಕಣ್ಣೆದುರೇ ಅವಳಿಗೆ ಗುಂಡು ಹೊಡೆಯುತ್ತಾನೆ. ಅಷ್ಟರಲ್ಲಿ ನಾಮಿ ಬರೆದ ನಕ್ಷೆಗಳು ಅವನ ಕೈಗೆ ಸಿಗುತ್ತವೆ. ಆಗ ಅವಳಿಗೆ 10 ವರ್ಷ. ಆ ವಯಸ್ಸಿಗೆ ಅಂಥ ನಕ್ಷೆ! ಅವನು ಅವಳನ್ನು ಹೊತ್ತುಕೊಂಡು ಹೋಗುತ್ತಾನೆ.

ನಾಮಿಗೆ ದುಡ್ಡು ಅಂದರೆ ಯಾಕೆ ಅಷ್ಟು ಆಸೆ ಅಂತ ಕೇಳುವವರಿಗೆ ಉತ್ತರ ಈ ಲೆಕ್ಕದಲ್ಲಿದೆ. ಇನ್ನೊಂದು ಲಕ್ಷ ಇದ್ದಿದ್ದರೆ ಅವಳ ತಾಯಿ ಬದುಕುತ್ತಿದ್ದಳು.

ಎಂಟು ವರ್ಷ, ಹತ್ತು ಕೋಟಿ

ಆರ್ಲಾಂಗ್ ಅವಳ ಜತೆ ಒಂದು ಒಪ್ಪಂದ ಮಾಡಿಕೊಳ್ಳುತ್ತಾನೆ. ನೀನು ನನಗೆ ನಕ್ಷೆ ಬರೆದುಕೊಡು, ಹತ್ತು ಕೋಟಿ ಬೆರಿ ತಂದುಕೊಡು, ಊರನ್ನು ನಿನಗೆ ಮಾರುತ್ತೇನೆ. ದುಡ್ಡಿನ ವಿಷಯದಲ್ಲಿ ಕೊಟ್ಟ ಮಾತಿಗೆ ತಪ್ಪುವುದಿಲ್ಲ ಅಂತಲೂ ಹೇಳುತ್ತಾನೆ.

ನಾಮಿಯ ಎಡ ತೋಳಿಗೆ ಆರ್ಲಾಂಗ್ ಪಡೆಯ ಹಚ್ಚೆ ಬೀಳುತ್ತದೆ. ಊರವರು ಅವಳನ್ನು ಕಂಡರೆ ಮುಖ ತಿರುಗಿಸುತ್ತಾರೆ, ಶತ್ರುವಿನ ಕಡೆ ಸೇರಿದವಳು ಅಂತ. ನಿಜ ಏನೆಂದರೆ ಅವರಿಗೆ ಎಲ್ಲ ಗೊತ್ತು. ಅಕ್ಕ ನೊಜಿಕೊ ಹೇಳಿಬಿಟ್ಟಿದ್ದಾಳೆ. ಆದರೂ ಗೊತ್ತಿಲ್ಲದವರ ಹಾಗೆ ಇರುತ್ತಾರೆ. ನಾವು ಅವಳನ್ನೇ ನಂಬಿ ಕಾಯುತ್ತಿದ್ದೇವೆ ಅಂತ ಗೊತ್ತಾದರೆ, ಸಾಕಾದಾಗಲೂ ಬಿಟ್ಟು ಓಡಿಹೋಗಲು ಅವಳಿಗೆ ಮನಸ್ಸು ಬಾರದು ಅಂತ. ಒಂದು ಊರಿಗೆ ಊರೇ ಎಂಟು ವರ್ಷ ಒಬ್ಬ ಹುಡುಗಿಗಾಗಿ ಹೀಗೆ ನಟಿಸುವುದನ್ನು ನಾನು ಬೇರೆ ಕಥೆಯಲ್ಲಿ ಓದಿಲ್ಲ.

ಕದ್ದ ದುಡ್ಡನ್ನೆಲ್ಲ ಅವಳು ತಾಯಿಯ ಕಿತ್ತಳೆ ತೋಟದಲ್ಲಿ ಹೂತಿಡುತ್ತಾಳೆ. 9 ಕೋಟಿ 30 ಲಕ್ಷ ಆಗಿದೆ. ಇನ್ನು 70 ಲಕ್ಷ ಬಾಕಿ. ಆಗ ನೌಕಾಪಡೆಯ ಅಧಿಕಾರಿ ನೆಜುಮಿ ಬಂದು, ಇದು ಕದ್ದ ಮಾಲು ಅಂತ ಅಗೆದು ಜಪ್ತಿ ಮಾಡುತ್ತಾನೆ. ಅವನು ಆರ್ಲಾಂಗ್‌ನ ಲಂಚ ತಿನ್ನುವವನು. ಆರ್ಲಾಂಗ್ ಮಾತು ತಪ್ಪಲಿಲ್ಲ. ಬೇರೆಯವರ ಕೈಯಿಂದ ದುಡ್ಡು ಕಿತ್ತುಕೊಂಡ, ಅಷ್ಟೇ. ಸಾಲ ತೀರುವ ಹೊತ್ತಿಗೆ ಹೊಸ ಲೆಕ್ಕ ತೆಗೆಯುವ ಬಡ್ಡಿ ಸಾಹುಕಾರರನ್ನು ಕಂಡವರಿಗೆ ಇದು ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಟೋಪಿ ತಲೆ ಬದಲಿಸಿದ ಗಳಿಗೆ

ದುಡ್ಡು ಹೋದ ಸುದ್ದಿ ಕೇಳಿ ಊರವರು ಕೈಗೆ ಸಿಕ್ಕಿದ್ದು ಹಿಡಿದು ಆರ್ಲಾಂಗ್‌ನ ಕೋಟೆಯ ಕಡೆ ಹೊರಡುತ್ತಾರೆ. ಸಾಯುವುದು ಖಚಿತ. ನಾಮಿ ತಡೆಯಲು ನೋಡುತ್ತಾಳೆ, ಆಗುವುದಿಲ್ಲ. ರಸ್ತೆಯಲ್ಲಿ ಕುಸಿದು ಕೂತು, ಚಾಕುವಿನಿಂದ ತೋಳಿನ ಹಚ್ಚೆಯನ್ನು ಚುಚ್ಚಿಕೊಳ್ಳುತ್ತಾಳೆ, ಮತ್ತೆ ಮತ್ತೆ. ಒಂದು ಕೈ ಬಂದು ಅವಳ ಕೈ ಹಿಡಿಯುತ್ತದೆ. ಲೂಫಿ.

ಹೋಗು, ನಿನಗೇನೂ ಗೊತ್ತಿಲ್ಲ ಅಂತ ಅವನ ಮೇಲೆ ಮಣ್ಣು ಎರಚುತ್ತಾಳೆ. ಹೌದು, ಅವನಿಗೆ ಏನೂ ಗೊತ್ತಿಲ್ಲ. ನೊಜಿಕೊ ಅವಳ ಕಥೆ ಹೇಳಲು ಶುರು ಮಾಡಿದಾಗ, ನನಗೆ ಅವಳ ಹಿಂದಿನದು ಬೇಕಿಲ್ಲ ಅಂತ ಎದ್ದು ತಿರುಗಾಡಲು ಹೋದವನು ಅವನು. ಸುಮ್ನೆ ನಿಂತಿರುತ್ತಾನೆ. ಕೊನೆಗೆ ನಾಮಿ ಅಳುತ್ತಾ ಸಹಾಯ ಕೇಳುತ್ತಾಳೆ. ಎಂಟು ವರ್ಷದಲ್ಲಿ ಮೊದಲ ಸಲ.

ಲೂಫಿ ತಲೆಯಿಂದ ಟೋಪಿ ತೆಗೆದು ಅವಳ ತಲೆಗೆ ಇಡುತ್ತಾನೆ. ಯಾರನ್ನೂ ಮುಟ್ಟಗೊಡದ ಟೋಪಿ ಅದು. ಕಾರಣ ಕೇಳುವುದಿಲ್ಲ, ಲೆಕ್ಕ ಕೇಳುವುದಿಲ್ಲ. ಕೋಟೆಯ ಕಡೆ ನಡೆಯುತ್ತಾನೆ. ಇದು ಬರುವುದು 81ನೇ ಅಧ್ಯಾಯದಲ್ಲಿ.

ಮುಂದಿನದು ಹೊಡೆದಾಟ. ಅದರಲ್ಲಿ ಒಂದು ಪುಟ ಮಾತ್ರ ಹೇಳುತ್ತೇನೆ. ಕೋಟೆಯ ಮೇಲಿನ ಕೋಣೆಗೆ ಲೂಫಿ ಬೀಳುತ್ತಾನೆ. ನೆಲದಿಂದ ಮಾಳಿಗೆ ತನಕ ನಕ್ಷೆಗಳು. ಮೇಜಿನ ಮೇಲೊಂದು ಪೆನ್ನು, ಅದಕ್ಕೆ ರಕ್ತ ಅಂಟಿದೆ. ಆಗ ಅವನಿಗೆ ಅರ್ಥವಾಗುತ್ತದೆ. ಆ ಕೋಣೆಯನ್ನೇ ಅವನು ಒಡೆಯುತ್ತಾನೆ, ಅದರ ಜತೆ ಕೋಟೆಯೂ ಕುಸಿಯುತ್ತದೆ.

ಹುಲ್ಲಿನ ಟೋಪಿಯ ಗುರುತು ಓದುಗರ ಮನಸ್ಸಿನಲ್ಲಿ ಏನಾಗಿ ಕೂತಿದೆ ಅನ್ನುವುದು ಇಲ್ಲಿಂದ ಗೊತ್ತಾಗುತ್ತದೆ. ಬದುಕುವುದಕ್ಕೇ ಕರ ಹಾಕುವ ಒಬ್ಬ, ಅವನ ಜತೆ ಸೇರಿದ ಅಧಿಕಾರಿ, ನಡುವೆ ಸಿಕ್ಕಿದ ಊರು. ಆ ಊರಿನ ಕಡೆ ನಿಂತವರ ಗುರುತು ಅದು. ಇಂಡೋನೇಷ್ಯಾ, ನೇಪಾಳದ ಹುಡುಗರು ಚಿಕ್ಕಂದಿನಿಂದ ಈ ಕಥೆ ನೋಡಿ ಬೆಳೆದವರು.

ಊರು ಬಿಡುವಾಗ ನಾಮಿ ಹಳೆ ಹಚ್ಚೆಯ ಜಾಗದಲ್ಲಿ ಹೊಸದು ಹಾಕಿಸಿಕೊಳ್ಳುತ್ತಾಳೆ. ಅದರಲ್ಲಿ ಕಿತ್ತಳೆಯೂ ಇದೆ, ಗಿರಗಿಟ್ಟೆಯೂ ಇದೆ. ಕಿತ್ತಳೆ ತಾಯಿಯದು. ಗಿರಗಿಟ್ಟೆ ಗೆಂಜೊನದು. ಕೂಸಾಗಿದ್ದಾಗ ನಾಮಿ ಅವನ ಮುಖ ಕಂಡರೆ ಅಳುತ್ತಿದ್ದಳು, ಅವಳು ನಗಲಿ ಅಂತ ಅವನು ಟೋಪಿಗೆ ಗಿರಗಿಟ್ಟೆ ಸಿಕ್ಕಿಸಿಕೊಂಡಿದ್ದ. ಅವಳು ಹೊರಟ ಮೇಲೆ ಅದನ್ನು ತೆಗೆದು ಬೆಲ್‌ಮೇರ್‌ಳ ಸಮಾಧಿಯ ಹತ್ತಿರ ನೆಡುತ್ತಾನೆ. ನಾಮಿ ಮಾತ್ರ ಬೀಳ್ಕೊಡಲು ಬಂದವರ ನಡುವೆ ಓಡಿ ಹಡಗು ಹತ್ತಿ ಅಂಗಿ ಕೊಡವುತ್ತಾಳೆ. ಊರವರ ಪರ್ಸುಗಳೆಲ್ಲ ಕೆಳಗೆ ಉದುರುತ್ತವೆ. ಕೂಡಿಟ್ಟ ಹಣವನ್ನು ಊರಿಗೇ ಬಿಟ್ಟಿದ್ದಾಳೆ. ತೋಟದ ಕಿತ್ತಳೆ ಗಿಡಗಳು ಹಡಗಿನಲ್ಲಿವೆ. ಮುಂದೆ ಹಡಗು ಬದಲಾದಾಗ ಆ ಗಿಡಗಳೂ ಹೊಸ ಹಡಗಿಗೆ ಬಂದವು.

ದಿಕ್ಸೂಚಿ ಕೆಲಸ ಮಾಡದ ಕಡಲು

ಈಗ ಅವಳ ವೃತ್ತಿಯ ಮಾತು. ಹೊಡೆದಾಟದ ಕಥೆಯಲ್ಲಿ ದಾರಿ ತೋರುವವಳು ಯಾಕೆ ಅಷ್ಟು ಮುಖ್ಯ?

ಒನ್ ಪೀಸ್‌ನ ಸಾಹಸ ಹೆಚ್ಚಾಗಿ ನಡೆಯುವುದು ಗ್ರಾಂಡ್ ಲೈನ್ ಎಂಬ ಕಡಲಿನಲ್ಲಿ. ಅಲ್ಲಿ ದಿಕ್ಸೂಚಿ ನಡೆಯುವುದಿಲ್ಲ. ನಮ್ಮ ಭೂಮಿ ಒಂದು ದೊಡ್ಡ ಅಯಸ್ಕಾಂತದ ಹಾಗೆ, ಅದಕ್ಕೇ ಮುಳ್ಳು ಉತ್ತರಕ್ಕೆ ತಿರುಗುತ್ತದೆ. ಗ್ರಾಂಡ್ ಲೈನಿನಲ್ಲಿ ಪ್ರತಿ ದ್ವೀಪದ ಮಣ್ಣು ಕಲ್ಲಿನಲ್ಲೂ ಆ ಸೆಳೆತ ಇದೆ. ಹತ್ತಾರು ಜನ ಒಟ್ಟಿಗೆ ಕೂಗಿದರೆ ಯಾರ ದನಿಯೂ ಕೇಳಿಸದು ಅಲ್ವಾ, ಹಾಗೆ ಮುಳ್ಳು ಸುಮ್ಮನೆ ಸುತ್ತುತ್ತದೆ.

ಅಲ್ಲಿ ಬಳಸುವುದು ಲಾಗ್ ಪೋಸ್ ಎಂಬ ಸಾಧನ. ಗಾಜಿನ ಗೋಲಿಯೊಳಗೆ ಒಂದು ಮುಳ್ಳು. ನಾಮಿ ಅದನ್ನು ಗಡಿಯಾರದ ಹಾಗೆ ಕೈಗೆ ಕಟ್ಟಿಕೊಳ್ಳುತ್ತಾಳೆ. ಒಂದು ದ್ವೀಪಕ್ಕೆ ಹೋಗಿ ಸ್ವಲ್ಪ ಕಾಲ ಇದ್ದರೆ, ಅದು ಅಲ್ಲಿನ ಸೆಳೆತವನ್ನು ತುಂಬಿಕೊಂಡು ಮುಂದಿನ ದ್ವೀಪದ ಕಡೆ ತಿರುಗುತ್ತದೆ. ದೂರದ ಊರಿಗೆ ಹೊರಟವರು ಪ್ರತಿ ಹಳ್ಳಿಯಲ್ಲೂ ನಿಂತು ಮುಂದಿನ ಹಳ್ಳಿಗೆ ಮಾತ್ರ ದಾರಿ ಕೇಳಿಕೊಂಡು ಹೋದ ಹಾಗೆ. ಎಷ್ಟು ಕಾಯಬೇಕು ಅನ್ನುವುದು ದ್ವೀಪದಿಂದ ದ್ವೀಪಕ್ಕೆ ಬೇರೆ. ಲಿಟಲ್ ಗಾರ್ಡನ್ ಎಂಬಲ್ಲಿ ಒಂದು ವರ್ಷ ಬೇಕು! ಒಂದೇ ದ್ವೀಪವನ್ನು ಯಾವಾಗಲೂ ತೋರಿಸುವ ಸಾಧನವೂ ಇದೆ, ಅದು ಎಟರ್ನಲ್ ಪೋಸ್. ಗ್ರಾಂಡ್ ಲೈನಿನ ಎರಡನೇ ಅರ್ಧದಲ್ಲಿ ಒಂದು ಮುಳ್ಳು ಸಾಲದು. ಅಲ್ಲಿನ ಲಾಗ್ ಪೋಸ್‌ಗೆ ಮೂರು ಮುಳ್ಳು. ಜಾಸ್ತಿ ನಡುಗುವ ಮುಳ್ಳಿನ ಕಡೆ ಅಪಾಯ ಜಾಸ್ತಿ.

ಮುಳ್ಳು ದಿಕ್ಕು ಹೇಳುತ್ತದೆ, ಗಾಳಿಯ ವಿಷಯ ಹೇಳುವುದಿಲ್ಲ. ಅಲ್ಲಿ ಈಗ ಬಿಸಿಲು, ಮರುಗಳಿಗೆಗೆ ಹಿಮ, ಆಮೇಲೆ ಬಿರುಗಾಳಿ. ಇದನ್ನು ನಾಮಿ ಮೈಯಲ್ಲೇ ಗುರುತಿಸುತ್ತಾಳೆ. ಒಮ್ಮೆ ವಿಷದ ಹುಳ ಕಚ್ಚಿ ಅವಳಿಗೆ 40 ಡಿಗ್ರಿ ಜ್ವರ. ಎದ್ದು ನಿಲ್ಲಲಾಗದವಳು, ಗಾಳಿ ಬದಲಾಗಿದೆ ಅಂತ ಹೇಳಿ ಹಡಗು ತಿರುಗಿಸುತ್ತಾಳೆ. ಸ್ವಲ್ಪ ಹೊತ್ತಿಗೆ, ಅವರು ಇರಬೇಕಾಗಿದ್ದ ಜಾಗದಲ್ಲೇ ದೊಡ್ಡ ಚಂಡಮಾರುತ ಏಳುತ್ತದೆ.

ಮೋಡ ಮಾಡುವ ಕೋಲು

ನಾಮಿ ವಿಚಿತ್ರ ಹಣ್ಣು ತಿಂದವಳಲ್ಲ, ಮೈಯಲ್ಲಿ ಅತಿಮಾನುಷ ಬಲ ಇಲ್ಲ. ಅವಳ ಆಯುಧ ಕ್ಲೈಮಾ ಟ್ಯಾಕ್ಟ್, ಗೆಳೆಯ ಉಸೊಪ್ ಮಾಡಿಕೊಟ್ಟ ಮೂರು ತುಂಡಿನ ಕೋಲು. ಒಂದು ತುಂಡಿನಿಂದ ಬಿಸಿ, ಇನ್ನೊಂದರಿಂದ ತಂಪು, ಮತ್ತೊಂದರಿಂದ ವಿದ್ಯುತ್ತು. ಇವನ್ನು ಹದವಾಗಿ ಬೆರೆಸಿ ಮೋಡ ಮಾಡಿ ಸಿಡಿಲು ಬೀಳಿಸುತ್ತಾಳೆ.

ಇದರ ಹಿಂದೆ ನಿಜವಾದ ತತ್ವ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಸೆಖೆ, ಸಂಜೆ ಗುಡುಗು ಮಳೆ ಬರುತ್ತದಲ್ಲ? ಕಾದ ತೇವದ ಗಾಳಿ ಮೇಲೇರಿ ತಣ್ಣಗಾದಾಗ ಮೋಡ ಕಟ್ಟುತ್ತದೆ, ಮೋಡದೊಳಗೆ ವಿದ್ಯುತ್ತು ಹುಟ್ಟುತ್ತದೆ. ತನ್ನ ಸುಳ್ಳು ರೂಪ ತೋರಿಸಿ ಶತ್ರುವನ್ನು ದಾರಿ ತಪ್ಪಿಸುವುದೂ ಅವಳಿಗೆ ಗೊತ್ತು. ಬಿಸಿಲಿಗೆ ಕಾದ ಡಾಂಬರು ರಸ್ತೆಯ ಮೇಲೆ ದೂರದಲ್ಲಿ ನೀರು ನಿಂತ ಹಾಗೆ ಕಾಣುತ್ತದೆ. ಬಿಸಿ ಗಾಳಿ, ತಂಪು ಗಾಳಿ ಸೇರುವಲ್ಲಿ ಬೆಳಕು ಬಾಗುವುದೇ ಅದಕ್ಕೆ ಕಾರಣ. ಓಡಾ ಅದನ್ನೇ ತೆಗೆದುಕೊಂಡು ದೊಡ್ಡದು ಮಾಡಿದ್ದಾರೆ.

ಅವಳ ತಲೆಗೆ ಸರಕಾರ ಕಟ್ಟಿದ ಬೆಲೆ ಮೊದಲು 1 ಕೋಟಿ 60 ಲಕ್ಷ ಬೆರಿ, ಆಮೇಲೆ 6 ಕೋಟಿ 60 ಲಕ್ಷ, ವಾನೊ ದೇಶದ ಯುದ್ಧದ ನಂತರ 36 ಕೋಟಿ 60 ಲಕ್ಷ. ಈ ಬೆಲೆ ತೋಳ್ಬಲದ ಅಳತೆಯಲ್ಲ. ಸರಕಾರಕ್ಕೆ ಇವರಿಂದ ಎಷ್ಟು ಅಪಾಯ ಅನ್ನುವುದರ ಅಳತೆ. ಆರ್ಲಾಂಗ್‌ನ ಬೆಲೆ 2 ಕೋಟಿ ಇತ್ತು.

ನಿಜವಾದ ಕಡಲ್ಗಳ್ಳಿಯರು ಇದ್ದರೇ?

ಇದ್ದರು. ಆನ್ ಬಾನಿ ಮತ್ತು ಮೇರಿ ರೀಡ್ ಎಂಬ ಇಬ್ಬರ ವಿಚಾರಣೆ 1720ರಲ್ಲಿ ಜಮೈಕಾದಲ್ಲಿ ನಡೆಯಿತು. ಚೀನಾದ ದಕ್ಷಿಣ ಕಡಲಿನಲ್ಲಿ ಝೆಂಗ್ ಯಿ ಸಾವ್ ಎಂಬ ಹೆಂಗಸು ಗಂಡನ ನಂತರ ದೊಡ್ಡ ಹಡಗುಪಡೆಯನ್ನೇ ನಡೆಸಿ, 1810ರಲ್ಲಿ ಸರಕಾರದ ಜತೆ ರಾಜಿ ಮಾಡಿಕೊಂಡು ನಿವೃತ್ತಳಾದಳು. ಒನ್ ಪೀಸ್‌ನ ಇನ್ನೊಬ್ಬ ಕಡಲ್ಗಳ್ಳಿ ಬಾನಿಯ ಹೆಸರು ಆ ಆನ್ ಬಾನಿಯಿಂದ ಬಂದದ್ದು. ನಾಮಿಗೆ ಅಂಥ ಮೂಲ ಇಲ್ಲ.

ಒಂದು ಆಕ್ಷೇಪವನ್ನೂ ಹೇಳಬೇಕು. ಕಥೆ ಮುಂದೆ ಹೋದಂತೆ ನಾಮಿಯ ಬಟ್ಟೆ ಕಡಿಮೆಯಾಯಿತು, ಮೈಯ ಚಿತ್ರಣ ಅತಿಯಾಯಿತು ಅಂತ ಓದುಗರು, ಅದರಲ್ಲೂ ಹೆಣ್ಣುಮಕ್ಕಳು, ಬೇಸರಪಟ್ಟಿದ್ದಾರೆ. 'ಶೋನೆನ್' ಅಂದರೆ ಹುಡುಗ. ಅದು ಹುಡುಗರಿಗಾಗಿ ಮಾಡಿದ ಪತ್ರಿಕೆ. ಆ ಬೇಸರ ನ್ಯಾಯವಾದದ್ದೇ ಅನ್ನುವುದು ನನ್ನ ಅಭಿಪ್ರಾಯ. ನೆಟ್‌ಫ್ಲಿಕ್ಸ್ ಸರಣಿಯಲ್ಲಿ ಅದು ಇಲ್ಲ.

ಚುಕ್ಕಾಣಿ ಹಿಡಿದವನು

ಕೊಕೊಯಾಶಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ನೂರಾರು ಅಧ್ಯಾಯಗಳ ನಂತರ ಹಡಗು ಮೀನು-ಮನುಷ್ಯರ ದ್ವೀಪಕ್ಕೆ ಬರುತ್ತದೆ. ಮನುಷ್ಯರು ಆ ಜನಾಂಗದವರನ್ನು ಹಿಡಿದು ಗುಲಾಮರಾಗಿ ಮಾರುತ್ತಿದ್ದ ಚರಿತ್ರೆ ಅಲ್ಲಿ ತಿಳಿಯುತ್ತದೆ. ಆರ್ಲಾಂಗ್‌ನ ದ್ವೇಷದ ಬೇರು ಅಲ್ಲಿತ್ತು.

ಅಲ್ಲಿ ಜಿಂಬೆ ಎಂಬ ಮೀನು-ಮನುಷ್ಯ ನಾಮಿಯ ಎದುರು ಒಂದು ವಿಷಯ ಒಪ್ಪಿಕೊಳ್ಳುತ್ತಾನೆ. ಅವನು ಮತ್ತು ಆರ್ಲಾಂಗ್ ಒಂದೇ ಪಡೆಯಲ್ಲಿದ್ದವರು. ಜಿಂಬೆ ಸರಕಾರದ ಜತೆ ಒಪ್ಪಂದ ಮಾಡಿಕೊಂಡಾಗ ಆರ್ಲಾಂಗ್ ಜೈಲಿನಿಂದ ಹೊರಬಂದ. ಬಂದವನು ನೇರ ನಾಮಿಯ ಊರಿನ ಕಡಲಿಗೆ ಹೋದ. ಅವನನ್ನು ಆ ಕಡಲಿಗೆ ಬಿಟ್ಟವನು ಒಂದು ರೀತಿಯಲ್ಲಿ ನಾನೇ ಅಂತ ಜಿಂಬೆ ತಲೆ ಬಾಗಿಸುತ್ತಾನೆ.

ತಾನು ದ್ವೇಷಿಸುವುದು ಆರ್ಲಾಂಗ್‌ನನ್ನು ಅಂತ ನಾಮಿ ಹೇಳುತ್ತಾಳೆ. ಜಿಂಬೆ ಅವನ ಹಿಂದೆ ನಿಂತವನಲ್ಲ ಅಂತ ಗೊತ್ತಾಗಿ ಅವಳಿಗೆ ಸಮಾಧಾನ. ಮೀನು-ಮನುಷ್ಯ ಅನ್ನುವ ಒಂದೇ ಕಾರಣಕ್ಕೆ ಅವನನ್ನು ದ್ವೇಷಿಸಲು ಅವಳು ಒಪ್ಪುವುದಿಲ್ಲ.

ಜಿಂಬೆ ಆಮೇಲೆ ಅದೇ ಹಡಗು ಸೇರುತ್ತಾನೆ. ಅವನ ಕೆಲಸ ಚುಕ್ಕಾಣಿ ಹಿಡಿಯುವುದು. ಈಗ ಆ ಹಡಗಿನಲ್ಲಿ ನಾಮಿ ಗಾಳಿ ನೋಡಿ ಯಾವ ಕಡೆ ಅಂತ ಹೇಳುತ್ತಾಳೆ, ಜಿಂಬೆ ಆ ಕಡೆ ಚುಕ್ಕಾಣಿ ತಿರುಗಿಸುತ್ತಾನೆ.